ಘಟ್ಟ ಇಳಿಯುವಾಗ ಗೇರ್ ತೆಗೆಯಬೇಡಿ

ನಮ್ಮ ಉತ್ತರ ಕನ್ನಡದವರಿಗೆ ಘಟ್ಟ ತಪ್ಪಿದ್ದಲ್ಲ. ಶಿರಸಿಯಿಂದ ಕುಮಟಾಕ್ಕೆ ಹೋಗಬೇಕಾದರೆ ದೇವಿಮನೆ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು, ಸಿದ್ದಾಪುರದವರಿಗೆ ದೊಡ್ಮನೆ, ಜೋಯಿಡಾದವರು ಕಾರವಾರಕ್ಕೆ ಬರಬೇಕಾದರೆ ಅಣಶಿ. ಘಟ್ಟದ ನೆತ್ತಿ ಬಂದ ಕೂಡಲೇ ಎಷ್ಟೋ ಜನರ ಕೈ ತಾನಾಗಿಯೇ ಗೇರಿನ ಮೇಲೆ ಹೋಗುತ್ತದೆ. ಗಾಡಿ ನ್ಯೂಟ್ರಲ್. ಕೆಲವರು ಕೀಲಿಯನ್ನೂ ತಿರುಗಿಸಿ ಇಂಜಿನ್ ಬಂದ್ ಮಾಡುತ್ತಾರೆ. "ತಮಾ, ನ್ಯೂಟ್ರಲ್ ಮಾಡು, ಪುಕ್ಕಟೆ ಹೋಗ್ತು" ಅಂತ ಪಕ್ಕದಲ್ಲಿ ಕೂತ ಮಾವನೋ ದೊಡ್ಡಪ್ಪನೋ ಹೇಳಿಕೊಡುತ್ತಾರೆ. ಹೊಸದಾಗಿ ಲೈಸೆನ್ಸ್ ತೆಗೆದ ಹುಡುಗ ಕಲಿತುಕೊಳ್ಳುತ್ತಾನೆ. ಈ ಮಾತು ಕೇಳಿದಾಗಲೆಲ್ಲ ನನಗೆ ನಿಜವಾಗಿ ಹೆದರಿಕೆಯಾಗುತ್ತದೆ. ಯಾಕೆಂದರೆ ಹೀಗೆ ಮಾಡಿದರೆ ಪೆಟ್ರೋಲ್ ಉಳಿಯುವುದಿಲ್ಲ, ಹೋಗುವುದು ಬ್ರೇಕ್.

ಹಿರಿಯರು ಸುಳ್ಳು ಹೇಳಿದ್ದಲ್ಲ. ಅವರು ಓಡಿಸಿದ ಗಾಡಿಗಳಲ್ಲಿ ಅದು ನಿಜವೇ ಆಗಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಮಾರುತಿ 800, ಇವೆಲ್ಲ ಕಾರ್ಬೊರೇಟರ್ ಗಾಡಿಗಳು. ಇಂಜಿನ್ ಗಾಳಿ ಎಳೆದುಕೊಂಡಾಗ ಕಾರ್ಬೊರೇಟರ್ ಅದರ ಜೊತೆ ಪೆಟ್ರೋಲನ್ನೂ ಬಿಡುತ್ತದೆ. ಗಾಡಿ ಹತ್ತುತ್ತಿದೆಯೋ ಇಳಿಯುತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೂ ಐಡಲ್ ಜೆಟ್‌ನಿಂದ, ಅಂದರೆ ಗಾಡಿ ಸುಮ್ನೆ ಸ್ಟಾರ್ಟ್ ಆಗಿ ನಿಂತಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನಿಂದ, ಪೆಟ್ರೋಲ್ ಹೋಗುತ್ತಲೇ ಇರುತ್ತಿತ್ತು. ಇಂಜಿನ್ ಜೋರಾಗಿ ತಿರುಗಿದಷ್ಟೂ ಜಾಸ್ತಿ. ನ್ಯೂಟ್ರಲ್ ಮಾಡಿದರೆ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಖರ್ಚು ಸ್ವಲ್ಪ ಕಡಿಮೆಯಾಗುತ್ತದೆ. ಆ ಕಾಲಕ್ಕೆ ಅದು ಲೆಕ್ಕ ಗೊತ್ತಿದ್ದವರ ಬುದ್ಧಿವಂತಿಕೆ.

ಈಗ ಆ ಲೆಕ್ಕ ಉಲ್ಟಾ ಆಗಿದೆ. ಈಗಿನ ಪೆಟ್ರೋಲ್ ಕಾರುಗಳೆಲ್ಲ ಇಂಜೆಕ್ಷನ್ ಗಾಡಿಗಳು, ಅಂದರೆ ಇಂಜೆಕ್ಟರ್ ಅನ್ನುವ ಸಣ್ಣ ನಳಿಕೆ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಇದೆಯೋ ಇಲ್ಲವೋ, ಇದನ್ನೆಲ್ಲ ಒಳಗಿರುವ ಕಂಪ್ಯೂಟರ್ ಪ್ರತಿ ಕ್ಷಣ ನೋಡುತ್ತಿರುತ್ತದೆ. ಗಾಡಿ ಗೇರಿನಲ್ಲಿದೆ, ಕಾಲು ತೆಗೆದಿದ್ದೀರಿ, ಇಂಜಿನ್ ಐಡಲ್‌ಗಿಂತ ಜೋರಾಗಿ ತಿರುಗುತ್ತಿದೆ ಅಂದರೆ ಅದು ಇಂಜೆಕ್ಟರ್ ಮುಚ್ಚಿಬಿಡುತ್ತದೆ. ಒಂದು ಹನಿ ಪೆಟ್ರೋಲೂ ಒಳಗೆ ಹೋಗುವುದಿಲ್ಲ. ಆಗ ಇಂಜಿನ್ ಚಕ್ರವನ್ನು ತಿರುಗಿಸುತ್ತಿಲ್ಲ, ಚಕ್ರವೇ ಇಂಜಿನನ್ನು ತಿರುಗಿಸುತ್ತಿದೆ. ಸೆಕೆಂಡ್ ಗೇರಿನಲ್ಲಿ ಇಳಿಯುವಾಗ ಬರುವ ಆ ಜೋರು ಸದ್ದು ಕೇಳಿ "ಅಯ್ಯೋ, ಎಷ್ಟು ಪೆಟ್ರೋಲ್ ಕುಡೀತಿದೆ" ಅನ್ನುತ್ತಾರಲ್ಲ, ಆ ಹೊತ್ತಿಗೆ ಅದು ಏನನ್ನೂ ಕುಡಿಯುತ್ತಿರುವುದಿಲ್ಲ. ಇಂಜಿನ್ ವೇಗ ಐಡಲ್ ಹತ್ತಿರಕ್ಕೆ ಇಳಿದಾಗ, ಬಂದ್ ಬೀಳಬಾರದು ಅಂತ ಮತ್ತೆ ಪೆಟ್ರೋಲ್ ಶುರುವಾಗುತ್ತದೆ. ನ್ಯೂಟ್ರಲ್ ಮಾಡಿದಿರಾ? ಇಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು.

ಸಣ್ಣ ಪೆಟ್ರೋಲ್ ಕಾರು ಸುಮ್ನೆ ಸ್ಟಾರ್ಟ್ ಆಗಿ ನಿಂತಿದ್ದರೂ ಗಂಟೆಗೆ ಹೆಚ್ಚು ಕಡಿಮೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಸುಡುತ್ತದೆ. ಘಟ್ಟ ಇಳಿಯಲು 15 ನಿಮಿಷ ಅಂದುಕೊಳ್ಳಿ. ನ್ಯೂಟ್ರಲ್‌ನಲ್ಲಿ 125ರಿಂದ 250 ಮಿಲಿ ಹೋಯಿತು. ಗೇರಿನಲ್ಲಿದ್ದರೆ ಹೆಚ್ಚಿನ ಭಾಗ ಸೊನ್ನೆ. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಉಳಿತಾಯ ಅಂತ ಹೇಳಿಕೊಂಡು ಮಾಡುವ ಕೆಲಸದಲ್ಲಿ ಖರ್ಚೇ ಜಾಸ್ತಿ ಅಲ್ವಾ? ನಂಬಿಕೆ ಬರದಿದ್ದರೆ, ಆ ಕ್ಷಣದ ಮೈಲೇಜ್ ತೋರಿಸುವ ಮೀಟರ್ ಇರುವ ಕಾರಿನಲ್ಲಿ ಪಕ್ಕ ಕೂತವರಿಗೆ ನೋಡಲು ಹೇಳಿ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಅದು ಮೇಲಿನ ತುದಿಗೆ ಹೋಗಿ ನಿಲ್ಲುತ್ತದೆ.

ಡೀಸೆಲ್ ವಿಷಯ ಇನ್ನೂ ಸ್ಪಷ್ಟ. ಹಳೇ ಜೀಪು, ಲಾರಿಗಳ ಪಂಪಿನಲ್ಲೂ ಗವರ್ನರ್ ಅಂತ ಒಂದು ಇರುತ್ತದೆ. ಗೇರಿನಲ್ಲಿ ಕಾಲು ಬಿಟ್ಟು ಇಳಿದರೆ ಅದೇ ಡೀಸೆಲ್ ನಿಲ್ಲಿಸುತ್ತದೆ. ಬೈಕುಗಳಿಗೂ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಗೆ ಮಾಲಿನ್ಯದ ನಿಯಮ ಬಂದ ಮೇಲೆ ಹೆಚ್ಚು ಕಡಿಮೆ ಎಲ್ಲಕ್ಕೂ ಇಂಜೆಕ್ಷನ್ ಬಂದಿದೆ.

ಒಂದು ಕಡೆ ಮಾತ್ರ ನ್ಯೂಟ್ರಲ್ ಪರವಾಗಿ ಮಾತಾಡುವವರಿಗೆ ನ್ಯಾಯ ಇದೆ. ಇಳಿಜಾರು ತೀರಾ ಹಗುರವಾಗಿದ್ದು, ಗೇರಿನಲ್ಲಿ ಬಿಟ್ಟರೆ ಗಾಡಿ ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ ಅನ್ನುವಂಥ ಜಾಗದಲ್ಲಿ, ನ್ಯೂಟ್ರಲ್ ಮಾಡಿದರೆ ಗಾಡಿ ದೂರ ಉರುಳುತ್ತದೆ. ಅಲ್ಲಿ ಸ್ವಲ್ಪ ಉಳಿಯುತ್ತದೆ. ಕೆಲವು ಹೊಸ ಆಟೋಮ್ಯಾಟಿಕ್ ಕಾರುಗಳು ಇದನ್ನು ತಾವಾಗಿಯೇ ಮಾಡುತ್ತವೆ ಕೂಡ. ಆದರೆ ನಾನು ಮಾತಾಡುತ್ತಿರುವುದು ಘಟ್ಟದ ಬಗ್ಗೆ. ಅಲ್ಲಿ ಗಾಡಿಯನ್ನು ಓಡಿಸುವುದು ಕಷ್ಟವಲ್ಲ, ತಡೆಯುವುದು ಕಷ್ಟ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಕುಮಟಾ ಸಮುದ್ರದ ಪಕ್ಕ. ಜನ, ಸಾಮಾನು ಸೇರಿ 1200 ಕಿಲೋ ತೂಗುವ ಕಾರು 500 ಮೀಟರ್ ಕೆಳಗೆ ಬಂದರೆ ಹೊರಬರುವ ಶಕ್ತಿಯಲ್ಲಿ ಸುಮಾರು 18 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ದೊಡ್ಡ ಕೊಡದ ತುಂಬ ನೀರು! ಗಾಳಿ ಮತ್ತು ಟಯರಿಗೆ ಸ್ವಲ್ಪ ಹೋಗುತ್ತದೆ. ಉಳಿದದ್ದು ಎಲ್ಲಿ ಹೋಗಬೇಕು? ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಇಂಜಿನ್ ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಆದರೆ ಇಡೀ ಬಿಸಿ ನಾಲ್ಕು ಚಕ್ರದ ಬ್ರೇಕುಗಳ ಮೇಲೆ. ಪ್ಯಾಡು ಕಾದು ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಡ್ರಮ್ಮು ಬಿಸಿಗೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಸುಟ್ಟ ವಾಸನೆ ಬರುತ್ತದಲ್ಲ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ಮಾತು ಕೇಳುವುದಿಲ್ಲ.

ಇದರ ಜೊತೆ ನಮ್ಮ ಮಳೆಯನ್ನು ಸೇರಿಸಿ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ? ಡಾಟ್-3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ ಇದೆ. ನೀರು ಸೇರಿದ ಆಯಿಲಿಗೆ ಅದೇ ಮಿತಿ 140 ಡಿಗ್ರಿ. ಸತತವಾಗಿ ಒತ್ತಿ ಹಿಡಿದ ಬ್ರೇಕಿಗೆ ಆ ಬಿಸಿ ದೊಡ್ಡದಲ್ಲ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ನೀವು ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅಂತ ಮೆಕ್ಯಾನಿಕ್ ಹೇಳಿದರೆ ದಯವಿಟ್ಟು ಬೇಡ ಅನ್ನಬೇಡಿ.

ಇಂಜಿನ್ನೇ ಬಂದ್ ಮಾಡಿ ಇಳಿಯುವವರಿಗಂತೂ ಕೈಮುಗಿದು ಹೇಳುತ್ತೇನೆ, ಬಿಟ್ಟುಬಿಡಿ. ಬ್ರೇಕನ್ನು ಹಗುರ ಮಾಡುವ ಬೂಸ್ಟರಿಗೆ ಬಲ ಕೊಡುವುದೇ ಇಂಜಿನ್. ಅದು ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ. ಕೀಲಿ ಹೊರಗೆ ಬಂದರೆ ಲಾಕೇ ಆಗಬಹುದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುವುದಿಲ್ಲ. ಏರ್ ಬ್ರೇಕ್ ಇರುವ ಲಾರಿಗಳಲ್ಲಿ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನಿನಿಂದಲೇ. ಅರಬೈಲಿನಲ್ಲಿ ಹಿಂದೆ ಬರುತ್ತಿರುವ ಹದಿನಾರು ಚಕ್ರದ ಲಾರಿಯಲ್ಲಿ ಗಾಳಿ ಖಾಲಿಯಾದರೆ ಮುಂದಿರುವ ನಮ್ಮ ಗತಿ ಏನು?

ನ್ಯೂಟ್ರಲ್‌ನಿಂದ ಗೇರ್‌ಬಾಕ್ಸ್ ಹಾಳಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಮ್ಯಾನ್ಯುಯಲ್ ಕಾರಿನಲ್ಲಿ ಇಂಜಿನ್ ಓಡುತ್ತಿದ್ದರೆ ಹಾಗೇನೂ ಇಲ್ಲ, ಇಲ್ಲದ ಹೆದರಿಕೆ ಹುಟ್ಟಿಸುವುದು ಬೇಡ. ಹಾಗೆಯೇ ಸೆಕೆಂಡ್ ಗೇರಿನಲ್ಲಿ ಇಳಿದರೆ ಇಂಜಿನ್ ಹಾಳು ಅನ್ನುವುದೂ ಸರಿಯಲ್ಲ. ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಆಟೋಮ್ಯಾಟಿಕ್ ಕಾರಿನದ್ದು ಬೇರೆ. ಓಡುವಾಗ ನ್ಯೂಟ್ರಲ್‌ಗೆ ಹಾಕಿ ಮತ್ತೆ 'ಡಿ'ಗೆ (ಡ್ರೈವ್) ಹಾಕುವುದರಿಂದ ಒಳಗಿನ ಕ್ಲಚ್ಚುಗಳಿಗೆ ಪೆಟ್ಟು. ಅದರಲ್ಲಿ 'ಎಲ್' (ಲೋ, ಅಂದರೆ ಕೆಳಗಿನ ಗೇರ್) ಅಥವಾ ಮ್ಯಾನ್ಯುಯಲ್ ಮೋಡ್ ಇರುತ್ತದೆ, ಘಟ್ಟಕ್ಕೆ ಅದನ್ನೇ ಬಳಸಿ.

ಯಾವ ಗೇರಿನಲ್ಲಿ ಇಳಿಯಬೇಕು? ಹಳೇ ಲಾರಿ ಚಾಲಕರ ಮಾತೇ ಸಾಕು: ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ. ದೊಡ್ಡ ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿಕೊಳ್ಳಿ. ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ. ಸ್ವಲ್ಪ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ. ಅಣಶಿಯಂಥ ಇಕ್ಕಟ್ಟಿನ ದಾರಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ರಸ್ತೆಯ ನಿಯಮ. ನಿಲ್ಲಿಸಲು ಆಗುವವನು ಮಾತ್ರ ದಾರಿ ಬಿಟ್ಟಾನು.

ನನ್ನದೊಂದು ಬೇಡಿಕೆ ನಮ್ಮ ಜಿಲ್ಲೆಯ ಡ್ರೈವಿಂಗ್ ಸ್ಕೂಲಿನವರಲ್ಲಿ. ಮಕ್ಕಳಿಗೆ ಮೈದಾನದಲ್ಲಿ ಎಂಟು ಹಾಕುವುದು, ರಿವರ್ಸ್ ತೆಗೆಯುವುದು ಕಲಿಸುತ್ತೀರಿ. ಲೈಸೆನ್ಸ್ ಸಿಕ್ಕ ಮಾರನೇ ದಿನ ಅವರು ಓಡಿಸುವುದು ಘಟ್ಟದಲ್ಲಿ. ಕೊನೆಯ ಒಂದು ದಿನವನ್ನಾದರೂ ಅದಕ್ಕೆ ಇಡಿ. ಶಿರಸಿಯವರು ದೇವಿಮನೆಗೆ, ಯಲ್ಲಾಪುರದವರು ಅರಬೈಲಿಗೆ ಕರೆದುಕೊಂಡು ಹೋಗಿ, ಸೆಕೆಂಡ್ ಗೇರಿನಲ್ಲಿ ಒಮ್ಮೆ ಪೂರ್ತಿ ಇಳಿಸಿ. ಅದಕ್ಕೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ತೆಗೆದುಕೊಂಡರೂ ಅಪ್ಪ ಅಮ್ಮಂದಿರು ಕೊಡುತ್ತಾರೆ. ನನ್ನ ತಂಗಿಯ ಮಗ ಈ ವರ್ಷ ಕಲಿಯುತ್ತಿದ್ದಾನೆ, ಅವನ ಪಾಲಿನದ್ದನ್ನು ನಾನೇ ಕೊಡುತ್ತೇನೆ.