ಚಪ್ಪಾಳೆ ಅಲ್ಲಿ, ಪಟಾಕಿ ಇಲ್ಲಿ

ಬೋರ್ನಿಯೋದ ಗುನುಂಗ್ ಮುಲು ರಾಷ್ಟ್ರೀಯ ಉದ್ಯಾನದ ಫೋಟೋ ಹಾಕಿದ್ದೇ ತಡ, ಸುಮಾರು ಜನ ಕೇಳಿದ್ದು ಒಂದೇ: "ಅಷ್ಟು ದೂರ ಹೋಗಿ ಬಾವಲಿ ನೋಡಿದ್ರಾ?" ಹೌದು, ಬಾವಲಿಯನ್ನೇ ನೋಡಿದೆವು.

ಮಲೇಷ್ಯಾದ ಮಿರಿಯಿಂದ ಸಣ್ಣ ವಿಮಾನದಲ್ಲಿ ಹೋಗಬೇಕು. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಕಾಡಿಗೆ ಕಾಲಿಟ್ಟರೆ ಆಗುಂಬೆಯದೇ ನೆನಪು. ಅದೇ ಜಡಿಮಳೆ, ಅದೇ ಇಂಬಳ. ಆದರೆ ಬೆಟ್ಟ ಪೂರ್ತಿ ಸುಣ್ಣಕಲ್ಲು, ಅದನ್ನು ನೀರು ಕೊರೆದು ಕೊರೆದು ಆದ ಗುಹೆಗಳು. ನಮ್ಮ ನೆಲ್ಲಿತೀರ್ಥದ ಗುಹೆಯಲ್ಲಿ ಮೊಣಕಾಲೂರಿ ತೆವಳಿದವರಿಗೆ ಅಲ್ಲಿನ ಡೀರ್ ಕೇವ್ ನಂಬುವುದೇ ಕಷ್ಟ. ಚಾವಣಿ 100 ಮೀಟರಿಗೂ ಜಾಸ್ತಿ ಎತ್ತರ. ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಹೊಡೆಯುತ್ತದೆ. ಟಾರ್ಚ್ ಬಿಟ್ಟರೆ ಹಿಕ್ಕೆಯ ಗುಡ್ಡೆಯೇ ಮಿಸುಕಾಡುತ್ತದೆ, ಅಷ್ಟು ಜಿರಳೆ. ಬಿಸಿಲೇ ಬೀಳದ ಕಡೆ ಅವುಗಳ ಊಟ ಮೇಲಿನಿಂದ ಬೀಳಬೇಕು.

ಸಂಜೆ ಗುಹೆಯ ಎದುರು ಬೆಂಚಿನಲ್ಲಿ ಕೂತೆವು. ಮೊದಲು ಒಂದಿಷ್ಟು ಬಾವಲಿ ಗುಹೆಯ ಬಾಯಲ್ಲೇ ಸುತ್ತಿದವು. ಆಮೇಲೆ ಹೊಗೆಯ ಸುರುಳಿಯಂತೆ ಒಂದರ ಹಿಂದೊಂದು ಗುಂಪು ಕಾಡಿನ ಮೇಲೆ ಹೊರಟಿತು. ಒಳಗಿರುವುದು ಸುಮಾರು 30 ಲಕ್ಷವಂತೆ. ಹೊರಗೆ ಗಿಡುಗ ಕಾದಿರುತ್ತದೆ, ಒಂಟಿಯಾದದ್ದು ಅದರ ಪಾಲು. ತಪ್ಪಿಸಿಕೊಂಡವು ರಾತ್ರಿಯಿಡೀ ಕೀಟ ತಿಂದು ಬೆಳಗಾಗುವಾಗ ವಾಪಸ್. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಉಡುಪಿಯ ನಮ್ಮ ಬೀದಿಯ ಗೋಳಿಮರ ನೆನಪಾಗಿ ಹೊಟ್ಟೆ ಉರಿಯಿತು.

2018ರಲ್ಲಿ ಕೇರಳದಲ್ಲಿ ನಿಫಾ ಬಂದಾಗ ಆ ಮರದ ಬಾವಲಿಗಳಿಗೆ ಪಟಾಕಿ ಹೊಡೆದರು. ಮರವನ್ನೇ ಕಡಿಸಿ ಎಂದರು. ಭಯ ಸುಳ್ಳಲ್ಲ, ಹಣ್ಣು ತಿನ್ನುವ ಬಾವಲಿಯಲ್ಲಿ ಆ ವೈರಸ್ ಇರುತ್ತದೆ. ಅದಕ್ಕೆ ಕಚ್ಚಿದ ಹಣ್ಣು ಮುಟ್ಟಬಾರದು, ಶೇಂದಿ ಇಳಿಸುವ ಮಡಕೆಗೆ ಬಾವಲಿ ಬಾಯಿ ಹಾಕದಂತೆ ಮುಚ್ಚಬೇಕು. ಪಟಾಕಿ ಹೊಡೆದರೆ ಅವು ಇನ್ನೊಬ್ಬರ ಮನೆ ಮರಕ್ಕೆ ಹೋಗುತ್ತವೆ, ಅಷ್ಟೇ ಅಲ್ವಾ? ಕಾಡಿನಲ್ಲಿ ಬೀಜ ಹರಡುವುದು ಇವೇ. ಆದರೂ ನಮ್ಮ 1972ರ ವನ್ಯಜೀವಿ ಕಾಯ್ದೆ ಇವನ್ನು ಇಲಿ, ಕಾಗೆಗಳ ಜೊತೆ ಉಪದ್ರವ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ.

ನಮ್ಮ ರಾಜ್ಯದಲ್ಲೇ ಏನೇನಿದೆ ಗೊತ್ತಾ? ಖಾನಾಪುರದ ಕಡೆ ಭೀಮಗಡದ ಕಾಡಿನ ಬಾರಾಪೇಡೆ ಗುಹೆಯಲ್ಲಿ ಬಲು ಅಪರೂಪದ ಬಾವಲಿ ಇದೆ. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿರುವುದಂತೂ ಜಗತ್ತಿನಲ್ಲಿ ಬೇರೆಲ್ಲೂ ಕಂಡಿಲ್ಲ. ಅದರ ಸುತ್ತಲಿನ ಬಂಡೆಯನ್ನೂ ಕ್ವಾರಿಯವರು ಬಿಟ್ಟಿರಲಿಲ್ಲ.

ಗೋಳಿಮರ ಇನ್ನೂ ಇದೆ. ಅದನ್ನು ಕಡಿಯಬೇಡಿ ಎಂದು ನಗರಸಭೆಗೆ ಅರ್ಜಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಬಾವಲಿ ಇರುವ ಮರ ಇದ್ದರೆ ಮೆಸೇಜ್ ಮಾಡಿ, ಅದನ್ನೂ ಸೇರಿಸೋಣ.