ಸ್ಪಷ್ಟನೆ: ‘ವೈಡ್ ಸರ್ಗ್ಯಾಸೊ ಸೀ’ ಬ್ರಾಂಟೆ ಬರೆದದ್ದಲ್ಲ

‘ವೈಡ್ ಸರ್ಗ್ಯಾಸೊ ಸೀ’ ಎಂಬ ಕಾದಂಬರಿ ‘ಜೇನ್ ಐರ್’ನ ಎರಡನೇ ಭಾಗ, ಅದನ್ನೂ ಇಂಗ್ಲಿಷ್ ಲೇಖಕಿ ಷಾರ್ಲೆಟ್ ಬ್ರಾಂಟೆಯೇ ಬರೆದದ್ದು ಎಂಬ ಸಂದೇಶ ಓದುಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಬ್ರಾಂಟೆ ತೀರಿಕೊಂಡದ್ದು 1855ರಲ್ಲಿ. ಈ ಕಾದಂಬರಿ ಬಂದದ್ದು 1966ರಲ್ಲಿ. ಬರೆದವರು ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್. ಕಥೆಯೂ ಮುಂದಿನದಲ್ಲ, ಹಿಂದಿನದು. 1847ರ ‘ಜೇನ್ ಐರ್’ನಲ್ಲಿ ಕಥಾನಾಯಕ ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚಿ ಹೆಂಡತಿಯಾಗಿ ಮಾತ್ರ ಕಾಣುವ ಬರ್ತಾ, ಇಲ್ಲಿ ಜಮೈಕಾದ ಹುಡುಗಿ ಆಂಟ್ವಾನೆಟ್. ‘ಬರ್ತಾ’ ಎಂಬುದು ಗಂಡ ಹೇರಿದ ಹೆಸರು. ಆ ಗಂಡನಿಗೆ ಮಾತ್ರ ರೀಸ್ ಇಡೀ ಪುಸ್ತಕದಲ್ಲಿ ಹೆಸರೇ ಕೊಡುವುದಿಲ್ಲ!

ಆಂಟ್ವಾನೆಟ್‌ಳ ಬಾಲ್ಯದ ಮನೆಗೆ ಬೆಂಕಿ ಬಿದ್ದಾಗ, ರೆಕ್ಕೆ ಕತ್ತರಿಸಿದ್ದ ಗಿಣಿಯೊಂದು ಹಾರಲಾರದೆ ಉರಿಯುತ್ತ ಕೆಳಗೆ ಬೀಳುತ್ತದೆ. ಬ್ರಾಂಟೆಯ ಕಾದಂಬರಿಯಲ್ಲಿ ಹೊತ್ತಿ ಉರಿಯುವ ಥಾರ್ನ್‌ಫೀಲ್ಡ್ ಮನೆಯ ಮಾಡಿನಿಂದ ಬರ್ತಾ ಹಾರಿಕೊಂಡದ್ದನ್ನು ಓದಿದವರಿಗೆ ಈ ಗಿಣಿಯನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಹಳೆಯ ಮನೆ, ಗುಟ್ಟು, ಭಯಗಳ ಇಂಥ ‘ಗಾಥಿಕ್’ ಕಾದಂಬರಿಗಳು ಇಂದಿಗೂ ನಮ್ಮನ್ನು ಬಿಡದಿರುವುದು ಇದಕ್ಕೇ ಎಂದು ನನಗನ್ನಿಸುತ್ತದೆ: ಹಳೆಯ ಪುಸ್ತಕದಲ್ಲಿ ಬಾಯಿಲ್ಲದವಳಿಗೆ ಇಲ್ಲಿ ಬಾಯಿ ಬಂದಿದೆ.

ಸಂದೇಶ ಕಳಿಸಿದವರು ದಯವಿಟ್ಟು ತಿದ್ದಿ ಮತ್ತೆ ಕಳಿಸಿ. ಎಷ್ಟೋ ವರ್ಷ ಜನ ಮರೆತೇಬಿಟ್ಟಿದ್ದ ಲೇಖಕಿಗೆ 76ರ ವಯಸ್ಸಿನಲ್ಲಿ ಹೆಸರು ತಂದ ಪುಸ್ತಕವಿದು.