ಸಹಿ ಹಾಕಿದ ತಾಯಿಗೆ ಮರುಯೋಚನೆಯ ಹಕ್ಕಿಲ್ಲವೇ?

‘ಹೆತ್ತ ತಾಯಿ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಸಾಕು, ಅಂದೇ ಮಗುವನ್ನು ದತ್ತು ಪಡೆದವರು ಮನೆಗೆ ಕರೆದೊಯ್ಯಬಹುದು’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

2015ರ ಬಾಲನ್ಯಾಯ ಕಾಯ್ದೆಯಂತೆ, ಮಗುವನ್ನು ಸಾಕಲಾಗದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ಒಪ್ಪಿಸುವಿಕೆಯ ಪತ್ರಕ್ಕೆ ಸಹಿ ಹಾಕಬೇಕು. ಅದಕ್ಕೂ ಮೊದಲು ಅವರಿಗೆ ಆಪ್ತಸಮಾಲೋಚನೆ ನಡೆಯಬೇಕು, ಆಮೇಲೂ ನಿರ್ಧಾರವನ್ನು ಮರುಪರಿಶೀಲಿಸಲು ಎರಡು ತಿಂಗಳ ಕಾಲಾವಕಾಶವಿರುತ್ತದೆ. ಆ ಅವಧಿಯೊಳಗೆ ಮನಸ್ಸು ಬದಲಿಸಿ ಬಂದ ತಾಯಿಯನ್ನು ‘ಮಾತು ತಪ್ಪಿದವಳು’ ಎನ್ನುವುದು ಅನ್ಯಾಯ, ಏಕೆಂದರೆ ಕಾನೂನು ಈ ಅವಕಾಶವನ್ನು ಇಟ್ಟಿರುವುದೇ ಅವಳಿಗಾಗಿ. ಅವಧಿ ಮುಗಿದು, ಮಗು ದತ್ತಿಗೆ ಮುಕ್ತವೆಂದು ಸಮಿತಿ ಘೋಷಿಸಿದ ಮೇಲಷ್ಟೇ ಮುಂದಿನ ಹೆಜ್ಜೆ.

ದತ್ತು ಬಯಸುವವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಸಾಮಾಜಿಕ ಕಾರ್ಯಕರ್ತರು ನಡೆಸುವ ಗೃಹ ಅಧ್ಯಯನಕ್ಕೆ, ಅಂದರೆ ತಮ್ಮ ಮನೆ-ಕುಟುಂಬದ ಪರಿಶೀಲನೆಗೆ ಒಳಪಟ್ಟು, ಸರದಿಗಾಗಿ ಕಾಯಬೇಕು. ಕಾಯುವಿಕೆ ದೀರ್ಘವೆಂಬ ದೂರು ನಿಜವೇ. ಆದರೆ ಅದನ್ನು ತಪ್ಪಿಸಲು ಮಧ್ಯವರ್ತಿಗೆ ಹಣ ಕೊಟ್ಟು ಮಗುವನ್ನು ಪಡೆಯುವುದು ಖರೀದಿಯೆನಿಸಿ, ಐದು ವರ್ಷಗಳವರೆಗಿನ ಕಠಿಣ ಕಾರಾಗೃಹ ಶಿಕ್ಷೆಗೆ ಗುರಿಯಾಗಿಸಬಹುದು. ದತ್ತು ನೀಡುವ ಅಂತಿಮ ಆದೇಶವನ್ನು 2021ರ ತಿದ್ದುಪಡಿಯ ನಂತರ ನ್ಯಾಯಾಲಯದ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟರು ಹೊರಡಿಸುತ್ತಾರೆ.

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಅಡಿಯ ದತ್ತುಗಳಿಗೆ ಪ್ರತ್ಯೇಕ ನಿಯಮಗಳಿವೆ. ಅಲ್ಲಿಯೂ ಮಗುವಿಗೆ ಪ್ರತಿಯಾಗಿ ಹಣದ ವ್ಯವಹಾರ ನಿಷಿದ್ಧ.